ಹದಿನೆಂಟಡಿ ಗಳ

ಹೊಸದಾಗಿ ಲೈನ್‌ಮ್ಯಾನ್ ಕೆಲಸಕ್ಕೆ ಸೇರಿದವರು ನನ್ನನ್ನು ಕಂಡರೆ ಕೇಳುವುದು ಗಾಳಿಮಳೆಯ ಕಥೆಗಳನ್ನು. ಬಿಸಿಲೆ ಘಾಟಿ ಕಡೆ ಮರ ಬಿದ್ದು ಐದು ದಿನ ಕರೆಂಟ್ ಇಲ್ಲದಿದ್ದಾಗ ಏನು ಮಾಡಿದಿರಿ, ಉಕ್ಕುವ ಹಳ್ಳದ ಮೇಲೆ ತಂತಿ ಹೇಗೆ ದಾಟಿಸಿದಿರಿ ಎಂದು ಕೇಳುತ್ತಾರೆ. ಅಂಥ ಕಥೆಗಳು ನನ್ನ ಹತ್ತಿರ ಬೇಕಾದಷ್ಟಿವೆ, ಹೇಳುವುದಕ್ಕೂ ಚೆನ್ನಾಗಿರುತ್ತವೆ. ಆದರೆ ನನ್ನ ಇಡೀ ನೌಕರಿಯಲ್ಲಿ ಗಾಳಿಮಳೆ ನನ್ನ ಲೈನಿನಲ್ಲಿ ಒಬ್ಬರನ್ನೂ ಕೊಲ್ಲಲಿಲ್ಲ. ಗಾಳಿ ಬಂದರೆ ಎಲ್ಲರಿಗೂ ಹೆದರಿಕೆ, ಹೆದರಿದವನು ನಾಲ್ಕು ಸಲ ನೋಡಿ ಕೈ ಇಡುತ್ತಾನೆ. ನನ್ನ ಲೈನಿಗೆ ಒಬ್ಬ ಮನುಷ್ಯ ಬಲಿಯಾದದ್ದು ಕಾಳುಮೆಣಸಿನ ಕುಯ್ಲಿನ ಕಾಲದ ಒಂದು ಬೆಳಗ್ಗೆ, ಒಳ್ಳೆಯ ಬಿಸಿಲಿನಲ್ಲಿ, ಒಂದು ಎಲೆಯೂ ಅಲುಗದ ಹೊತ್ತಿನಲ್ಲಿ. ಅದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಬೇಕಾದದ್ದು ಅದನ್ನೇ ಎಂದು ಈಗ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಆಲೂರು ತಾಲ್ಲೂಕಿನ ಪಾಳ್ಯಕ್ಕೆ ಹೆಲ್ಪರ್ ಆಗಿ ಬಂದೆ. ಅಲ್ಲಿ ರಂಗೇಗೌಡರು ಎಂಬ ಹಿರಿಯ ಲೈನ್‌ಮ್ಯಾನ್ ಇದ್ದರು. ಕುಳ್ಳಗಿನ ಆಸಾಮಿ, ಮಾತು ಕಡಿಮೆ, ಬೈಗುಳ ಜಾಸ್ತಿ. ಅವರ ಹತ್ತಿರ ಒಂದು ಬಿದಿರಿನ ಗಳ ಇತ್ತು. ಅಟ್ಟದ ಮೇಲೆ ಹೊಗೆಯಲ್ಲಿ ಒಣಗಿಸಿದ ಹೆಬ್ಬಿದಿರು, ಸರಿಯಾಗಿ ಹದಿನೆಂಟು ಅಡಿ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ, ಮಳೆ ಹಿಡಿಯುವುದರೊಳಗೆ, ಲೈನ್ ಆಫ್ ಮಾಡಿಸಿ ಆ ಗಳವನ್ನು ನನ್ನ ಹೆಗಲಿಗೆ ಹೊರಿಸಿ ಕಂಬದಿಂದ ಕಂಬಕ್ಕೆ ನಡೆಸುತ್ತಿದ್ದರು. ಎರಡು ಕಂಬದ ನಡುವೆ ತಂತಿ ಜೋತುಬೀಳುವ ಜಾಗದಲ್ಲಿ ಗಳ ನೆಟ್ಟಗೆ ನಿಲ್ಲಿಸಬೇಕು. ತಂತಿ ಗಳದ ತುದಿಗಿಂತ ಮೇಲಿದ್ದರೆ ಮುಂದಕ್ಕೆ. ಕೆಳಗಿದ್ದರೆ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿ, ಮಳೆಗೆ ಮುಂಚೆ ಬಿಗಿಯಬೇಕು.

ಮೊದಲ ವರ್ಷ ನನಗೆ ಇದು ಹುಚ್ಚಾಟ ಅನ್ನಿಸಿತು. ದಿನಾ ಇದೇ ಲೈನಿನ ಕೆಳಗೆ ಓಡಾಡುತ್ತೇವಲ್ಲ, ಇಳಿದಿದ್ದರೆ ಕಾಣುವುದಿಲ್ಲವೇ ಎಂದು ಕೇಳಿದೆ.

"ದಿನಾ ನೋಡೋದ್ರಿಂದ್ಲೇ ಕಾಣಾಕಿಲ್ಲ ಕಣೋ," ಅಂದರು. "ನಿನ್ ಹೆಂಡ್ತಿ ದಪ್ಪ ಆಗಿದ್ದು ನಿಂಗೆ ಗೊತ್ತಾಯ್ತದಾ? ವರ್ಸಕ್ಕೊಂದ್ ಸಲ ಬರೋ ಅವಳ ಅಣ್ಣಂಗೆ ಗೊತ್ತಾಯ್ತದೆ. ಈ ಗಳ ಅವಳ ಅಣ್ಣ ಇದ್ದಂಗೆ."

ಆ ವರ್ಷವೇ ಮಗ್ಗೆ ಊರಿನ ಹತ್ತಿರ ಗದ್ದೆ ನಡುವಿನ ಬಂಡಿ ದಾರಿಯಲ್ಲಿ ಗಳ ಒಂದೂವರೆ ಅಡಿ ತಂತಿಯನ್ನು ಮೀರಿ ನಿಂತಿತು. ಕೆಂಪು ಬಟ್ಟೆ ಕಟ್ಟುವಾಗ ಗದ್ದೆಯ ಯಜಮಾನರು ಬಂದು ತಕರಾರು ತೆಗೆದರು. "ನಾನು ಹುಟ್ಟಿದಾಗ್ಲಿಂದ ನೋಡ್ತಾ ಇದೀನಿ, ಈ ತಂತಿ ಹಿಂಗೇ ಐತೆ ಕಣ್ರೀ. ಒಂದಿಂಚೂ ಇಳ್ದಿಲ್ಲ," ಅಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ರಂಗೇಗೌಡರು ದಾರಿಯ ಅಂಚು ತೋರಿಸಿದರು. ವರ್ಷಾ ವರ್ಷಾ ಕೆಸರಿಗೆ ಜಲ್ಲಿ ಮಣ್ಣು ಸುರಿದೂ ಸುರಿದೂ ದಾರಿಯೇ ಎದ್ದುಬಿಟ್ಟಿತ್ತು. ತಂತಿ ಇದ್ದಲ್ಲೇ ಇತ್ತು, ಬಂಡಿಗಳು ತಂತಿಯ ಹತ್ತಿರಕ್ಕೆ ಹೋಗುತ್ತಿದ್ದವು. ಆ ಸುಗ್ಗಿಯಲ್ಲಿ ಹುಲ್ಲು ಹೇರಿದ ಗಾಡಿಯೊಂದು ಬಿಗಿದ ತಂತಿಯ ಕೆಳಗೆ ದಾಟುವಾಗ, ಬಿಗಿಯದಿದ್ದರೆ ಏನಾಗುತ್ತಿತ್ತು ಎಂದು ನಿಂತು ನೋಡಿದೆ. ಆಮೇಲೆ ನಾನು ಗಳವನ್ನು ಗೊಣಗದೆ ಹೊತ್ತೆ.

ಗಳ ಹೊರಡಿಸುವ ದಿನ ರಂಗೇಗೌಡರದ್ದು ಒಂದು ಕ್ರಮ ಇತ್ತು. ಸೆಕ್ಷನ್ ಆಫೀಸಿನ ಮುಂದೆ ಉದ್ದನೆಯ ಕಲ್ಲು ಚಪ್ಪಡಿಗಳ ಜಗಲಿ. ಅದರ ಮೇಲೆ ಎರಡು ಕಡೆ ಉಳಿಯಿಂದ ಕೊರೆದ ಗೆರೆಗಳಿದ್ದವು. ಗಳವನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಆ ಗೆರೆಗಳ ನಡುವೆ ಮಲಗಿಸಿ, ಬಗ್ಗಿ ಎರಡೂ ತುದಿ ನೋಡಿ, ಆಮೇಲೆ ಎತ್ತುತ್ತಿದ್ದರು. ನನ್ನ ಎದುರಿಗೇ ಒಂದು ವರ್ಷ ಹಳೆಯ ಗಳವನ್ನು ಮುರಿದು ಒಲೆಗೆ ಹಾಕಿ ಹೊಸದನ್ನು ಕಡಿಸಿದರು. ಏಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆಯುಧ ಪೂಜೆಯಂತೆ ಇದೂ ಒಂದು ಪೂಜೆ ಎಂದುಕೊಂಡೆ. ಆ ಒಂದು ಪ್ರಶ್ನೆ ಆಗ ಕೇಳಿದ್ದರೆ ಈ ಬರಹ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಅವರು ನಿವೃತ್ತರಾಗುವಾಗ ಗಳವನ್ನು ನನಗೆ ಕೊಟ್ಟರು. ಸ್ವಲ್ಪ ದಿನಕ್ಕೆ ನನಗೆ ಸಕಲೇಶಪುರದ ಆಚೆ, ಹೊಂಗಡಹಳ್ಳದ ಕಡೆಗೆ ವರ್ಗವಾಯಿತು. ಗೊಬ್ಬರದ ಲಾರಿಯ ಮೇಲೆ ಗಳ ಕಟ್ಟಿಕೊಂಡು ಹೋದೆ. ಗಳ ನನ್ನ ಜೊತೆ ಬಂತು, ಕಲ್ಲು ಪಾಳ್ಯದಲ್ಲೇ ಉಳಿಯಿತು.

ಹೊಂಗಡಹಳ್ಳದ ಕಡೆ ಕೆಲಸವೇ ಬೇರೆ. ಪಾಳ್ಯದಲ್ಲಿ ಒಂದು ಕಂಬದಿಂದ ನಿಂತು ನೋಡಿದರೆ ಹತ್ತು ಕಂಬ ಕಾಣುತ್ತಿದ್ದವು. ಇಲ್ಲಿ ಕಾಫಿ ತೋಟದ ನೆರಳಿನೊಳಗೆ ಒಂದು ಕಂಬ ಕಂಡರೆ ಮುಂದಿನದು ಕಾಣದು. ನಾನು ಬಂದಾಗ ಲೈನ್‌ಮ್ಯಾನ್‌ಗಳು ಕಾಲ್ನಡಿಗೆಯಲ್ಲೇ ಲೈನ್ ನೋಡುತ್ತಿದ್ದರು. ಕೆಲವೇ ವರ್ಷದಲ್ಲಿ ಬೈಕ್ ಬಂದವು, ಆಮೇಲೆ ಮೊಬೈಲ್ ಬಂತು. ದೂರು ಬಂದ ಜಾಗಕ್ಕೆ ಹೋಗುವುದು, ಸರಿ ಮಾಡಿ ಬರುವುದು ಎಂದಾಯಿತು. ದೂರು ಬಾರದ ಕಡೆ ಯಾರೂ ಹೋಗುತ್ತಿರಲಿಲ್ಲ. ನಾನು ಮಾತ್ರ ಯುಗಾದಿ ಕಳೆದ ಮೇಲೆ ಗಳ ಹೊತ್ತು ನಡೆಯುವುದನ್ನು ಬಿಡಲಿಲ್ಲ. ಜೊತೆಯವರು ಗೇಲಿ ಮಾಡುತ್ತಿದ್ದರು, ಕಾವಡಿ ಹೊತ್ತ ಶಿವಣ್ಣ ಬಂದ ಎನ್ನುತ್ತಿದ್ದರು. ನಮ್ಮ ಜೂನಿಯರ್ ಎಂಜಿನಿಯರ್, ಜೆ.ಇ. ಸಾಹೇಬರು, ಒಂದು ಸಭೆಯಲ್ಲಿ ಎಲ್ಲರ ಎದುರು ನನ್ನನ್ನು ಎದ್ದು ನಿಲ್ಲಿಸಿ, ಕೆಲಸ ಅಂದರೆ ಇವನ ಹಾಗೆ ಮಾಡಬೇಕು ಎಂದರು. ಆ ಹೆಮ್ಮೆಯನ್ನು ನಾನು ಬಹಳ ವರ್ಷ ಮೈಮೇಲೆ ಹೊದ್ದುಕೊಂಡು ತಿರುಗಿದೆ.

ನಮ್ಮ ಸೆಕ್ಷನ್ ಶೆಡ್ಡಿನ ನೆಲ ಮಣ್ಣಿನದು. ಗಳವನ್ನು ಮೂಲೆಯಲ್ಲಿ ಓರೆಯಾಗಿ ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದೆ. ಆ ಕಡೆಯ ಮಳೆ ಗೊತ್ತಲ್ಲ, ನಾಲ್ಕು ತಿಂಗಳು ನೆಲ ಒಣಗುವುದಿಲ್ಲ. ಗಳದ ಬುಡ ಕೊಳೆಯುತ್ತಿತ್ತು, ಗೆದ್ದಲು ಹತ್ತುತ್ತಿತ್ತು. ಲೈನ್ ಕೆಳಗೆ ಆಡುವ ಗಳಕ್ಕೆ ಕಬ್ಬಿಣ ಮುಟ್ಟಿಸಬಾರದು ಎಂದು ರಂಗೇಗೌಡರು ಹೇಳಿದ್ದರಿಂದ ಬುಡಕ್ಕೆ ಬಳೆ ಹಾಕಿಸುವಂತಿರಲಿಲ್ಲ. ಅದಕ್ಕೆ ಪ್ರತಿ ಯುಗಾದಿಗೆ ಗರಗಸ ತೆಗೆದುಕೊಂಡು ಕೊಳೆತಷ್ಟನ್ನು ಕತ್ತರಿಸುತ್ತಿದ್ದೆ. ಎರಡು ಬೆರಳಿನಷ್ಟು, ಕೆಲವು ವರ್ಷ ಮೂರು. ಕೊಳೆತ ಬುಡ ಬಿಟ್ಟರೆ ಗಳ ಸೀಳಿಬಿಡುತ್ತದೆ, ಆದ್ದರಿಂದ ಅದು ಜೋಪಾನ ಮಾಡುವ ಕೆಲಸ. ಕತ್ತರಿಸಿ, ಉಜ್ಜಿ ನುಣ್ಣಗೆ ಮಾಡಿ, ಅರಿಶಿನ ಕುಂಕುಮ ಹಚ್ಚಿ ಕೈಮುಗಿದು ಹೊರಡುತ್ತಿದ್ದೆ. ಇದನ್ನು ಹದಿಮೂರು ವರ್ಷ ಮಾಡಿದೆ.

ನನ್ನ ಲೈನ್ ಒಂದು ದೊಡ್ಡ ಎಸ್ಟೇಟಿನ ಇಳಿಜಾರಿನ ಮೇಲೆ ಹಾದುಹೋಗುತ್ತಿತ್ತು. ಅಲ್ಲಿ ಎರಡು ಕಂಬದ ನಡುವೆ ತಂತಿ ಬೇರೆಡೆಗಿಂತ ಕೆಳಗೇ ಇತ್ತು, ಆದ್ದರಿಂದ ನಾನು ಅಲ್ಲಿ ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದೆ. ಮೊದಲ ವರ್ಷ ತಂತಿ ಗಳದ ತುದಿಯಿಂದ ಒಂದು ಗೇಣು ಮೇಲಿತ್ತು. ಮರುವರ್ಷ ಒಂದು ಗೇಣು. ಹತ್ತು ವರ್ಷ ಆದ ಮೇಲೂ ಅದೇ ಒಂದು ಗೇಣು. ಬೇರೆ ಜಾಗಗಳಲ್ಲಿ ಅಂತರ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತಾ ಹೋಗಿರಬೇಕು. ತಂತಿ ಮೇಲಿದೆ ಎಂದರೆ ಯಾವ ಲೈನ್‌ಮ್ಯಾನ್ ತಲೆ ಕೆಡಿಸಿಕೊಳ್ಳುತ್ತಾನೆ? ನಾನೂ ಕೆಡಿಸಿಕೊಳ್ಳಲಿಲ್ಲ.

ಆ ಇಳಿಜಾರಿನಲ್ಲಿ ಏನೇನು ಬದಲಾಯಿತು ಎಂಬುದು ಈಗ ನನಗೆ ಬಾಯಿಪಾಠ. ಮೇಲಿನ ಕಂಬದ ಬುಡದ ಮಣ್ಣು ಮಳೆಗೆ ಸ್ವಲ್ಪ ಸ್ವಲ್ಪ ಸಡಿಲವಾಗಿ ಕಂಬ ಇಳಿಜಾರಿನ ಕಡೆಗೆ ವಾಲಿತು, ತಂತಿ ಸಡಿಲವಾಗಿ ಜೋತುಬಿತ್ತು. ಅತ್ತಿತ್ತಲಿನ ಮರಗಳೂ ಹಾಗೇ ವಾಲಿದ್ದರಿಂದ ಕಂಬ ಎದ್ದು ಕಾಣಲಿಲ್ಲ. ಎಸ್ಟೇಟಿನವರು ಮೇಲೆ ಕೆರೆ ತೋಡಿಸಿದಾಗ ಬಂದ ಮಣ್ಣನ್ನು ಲೈನ್ ಕೆಳಗಿನ ತಗ್ಗಿಗೆ ತಂದು ಹರಡಿದರು. ಒಂದೇ ಸಲ ಅಲ್ಲ, ಹೂಳು ತೆಗೆದಾಗಲೆಲ್ಲ ನಾಲ್ಕು ಟ್ರ್ಯಾಕ್ಟರ್. ಅದರ ಮೇಲೆ ತರಗು ಕೊಳೆಯಿತು, ಹುಲ್ಲು ಬಂತು, ಅದೇ ನೆಲವಾಯಿತು. ಮಗ್ಗೆಯ ಬಂಡಿ ದಾರಿಯನ್ನು ಕಣ್ಣಾರೆ ಕಂಡವನು ನಾನು. ಆದರೂ ಕೈಯಲ್ಲಿ ಗಳ ಇದೆಯಲ್ಲ ಎಂಬ ಧೈರ್ಯದಲ್ಲಿ ಆ ನೆಲವನ್ನು ಬಗ್ಗಿ ನೋಡಲಿಲ್ಲ.

ಆಮೇಲೆ ಬಿದಿರು ಹೂ ಬಿಟ್ಟಿತು. ಬಿದಿರು ಹೂ ಬಿಟ್ಟರೆ ಕೇಡು ಎಂದು ಹಳಬರು ಹೇಳುತ್ತಾರೆ. ಬರ ಬರುತ್ತದೆ, ಇಲಿ ಹೆಚ್ಚುತ್ತದೆ ಎನ್ನುವ ಮಾತು ಅದು. ನಮ್ಮ ಕಡೆ ಬಂದ ಕೇಡೇ ಬೇರೆ. ಕಾಡಿನಲ್ಲಿ ಮೆಳೆಗಟ್ಟಲೆ ಬಿದಿರು ಒಣಗಿ ನಿಂತಿತು. ಮೆಣಸು ಕುಯ್ಯಲು ಎಲ್ಲರೂ ಬಳಸುತ್ತಿದ್ದ ಬಿದಿರಿನ ಏಣಿಗೆ ಬಿದಿರು ಸಿಗದಂತಾಯಿತು. ಎಸ್ಟೇಟ್‌ಗಳವರು ಒಬ್ಬೊಬ್ಬರಾಗಿ ಅಲ್ಯೂಮಿನಿಯಂ ಏಣಿ ತರಿಸಿದರು. ಹಗುರ, ಬಾಳಿಕೆ ಬರುತ್ತದೆ, ಒಬ್ಬನೇ ಹೊತ್ತು ಮರದಿಂದ ಮರಕ್ಕೆ ಹೋಗಬಹುದು. ಕೆಲಸದವರಿಗೂ ಖುಷಿ. ನಾನೇ ಒಂದನ್ನು ಎತ್ತಿ ನೋಡಿ, ಎಷ್ಟು ಹಗುರ ಮಾರಾಯ, ಎಂದಿದ್ದೆ.

ಆ ಇಳಿಜಾರಿನ ಎಸ್ಟೇಟಿನಲ್ಲಿ ಈರಯ್ಯ, ಜಯಮ್ಮ ಎಂಬ ಗಂಡ ಹೆಂಡತಿ ಮೆಣಸು ಕುಯ್ಯುತ್ತಿದ್ದರು. ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ವಾಸ. ಈರಯ್ಯ ಏಣಿ ಹತ್ತಿ ಕುಯ್ದರೆ ಜಯಮ್ಮ ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದಳು. ಈರಯ್ಯ ತಂತಿಯ ವಿಷಯದಲ್ಲಿ ಪುಕ್ಕಲು. ನಾನು ಲೈನ್ ನೋಡಲು ಹೋದಾಗಲೆಲ್ಲ, "ಅಣ್ಣ, ಇದು ಮುಟ್ಟದಂಗೆ ಐತಾ?" ಎಂದು ಕೇಳುವುದು ಅವನ ರೂಢಿ. ಸಾಯುವ ಹಿಂದಿನ ಯುಗಾದಿಗೂ ಕೇಳಿದ್ದ. ನಾನು ಗಳ ನಿಲ್ಲಿಸಿ ತೋರಿಸಿ, "ನೋಡಯ್ಯ, ಹದಿನೆಂಟು ಅಡಿ. ಅದರ ಮೇಲೆ ಒಂದು ಗೇಣು. ನಿನ್ ಏಣಿ ಹದಿನೈದು. ನೀನು ಹಾರಿದ್ರೂ ಸಿಗಲ್ಲ," ಎಂದು ನಕ್ಕಿದ್ದೆ. ಅವನೂ ನಕ್ಕಿದ್ದ. ಆ ಮಾತು ನನ್ನ ಬಾಯಿಂದ ಬಂದದ್ದು, ಅದನ್ನು ಮರೆಯಬೇಕೆಂದರೂ ಆಗುವುದಿಲ್ಲ.

ಆ ಬೆಳಗ್ಗೆ ಈರಯ್ಯ ಒಂದು ಮರ ಮುಗಿಸಿ, ಏಣಿಯನ್ನು ನೆಟ್ಟಗೇ ಎದೆಗಾನಿಸಿ ಎತ್ತಿಕೊಂಡು ಪಕ್ಕದ ಮರಕ್ಕೆ ಹೊರಟ. ನಾಲ್ಕು ಹೆಜ್ಜೆ ಹೋಗಿರಬೇಕು, ಏಣಿಯ ತುದಿ ತಂತಿಗೆ ತಗುಲಿತು. ಜಯಮ್ಮ ಮೆಣಸಿನ ಚೀಲ ಎತ್ತಲು ಬಗ್ಗಿದ್ದಳು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿ ಕಂಡದ್ದನ್ನು ಬರೆಯುವುದಿಲ್ಲ. ತಂತಿ ಸುಟ್ಟು ಹರಿದು ಬಿದ್ದಿತ್ತು. ಶವ ಸಾಗಿಸಿದ ಮೇಲೆ, ಇಡೀ ಹೋಬಳಿಗೆ ಕರೆಂಟ್ ಕೊಡಬೇಕೆಂದು ಸಂಜೆಯೊಳಗೆ, ತಂತಿ ಹರಿದಾಗ ವಾಲಿತೆಂದುಕೊಂಡು, ಕಂಬ ನೆಟ್ಟಗೆ ಮಾಡಿ ತಂತಿ ಬಿಗಿದು ಕಟ್ಟಿದೆವು. ತನಿಖೆಗೆ ಹಾಸನದಿಂದ ಅಧಿಕಾರಿ ಬಂದಾಗ ಅಲ್ಲಿ ಅಳೆಯಲು ಹಳೆಯ ತಂತಿ ಇರಲಿಲ್ಲ. ಇದ್ದದ್ದು ನನ್ನ ಮಾತು ಒಂದೇ.

ಅವರು ಕೇಳಿದರು, ನಾನು ಹೇಳಿದೆ. ಯುಗಾದಿ ಆದ ಮೇಲೆ ಹದಿನೆಂಟು ಅಡಿಯ ಗಳದಿಂದ ಅಳೆದಿದ್ದೇನೆ, ತಂತಿ ಅದಕ್ಕಿಂತ ಮೇಲಿತ್ತು ಎಂದು ಬರೆದುಕೊಟ್ಟು ಸಹಿ ಹಾಕಿದೆ. ಸುಳ್ಳು ಹೇಳುತ್ತಿದ್ದೇನೆ ಎಂಬ ಅನುಮಾನ ಕೂದಲೆಳೆಯಷ್ಟೂ ಇರಲಿಲ್ಲ. ಜೆ.ಇ. ಸಾಹೇಬರು ನನ್ನ ಹದಿಮೂರು ವರ್ಷದ ನಿಷ್ಠೆಯ ಬಗ್ಗೆ ಒಳ್ಳೆಯ ಮಾತಾಡಿದರು. ವರದಿ ಬಂತು. ಮೃತನು ಅಜಾಗರೂಕತೆಯಿಂದ ಏಣಿಯನ್ನು ತಲೆಯ ಮೇಲಕ್ಕೆ ಎತ್ತಿದ್ದರಿಂದ ಸಾವು ಸಂಭವಿಸಿದೆ ಎಂದಿತ್ತು.

ಒಂದು ತಿಂಗಳಾದ ಮೇಲೆ ಜಯಮ್ಮ ನಮ್ಮ ಶೆಡ್ಡಿಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ಅಣ್ಣ, ಊರಲ್ಲೆಲ್ಲಾ ಅವರು ಆಟ ಆಡಕ್ಕೋಗಿ ಸತ್ರು ಅಂತಾರೆ. ಕುಡ್ದಿದ್ರು ಅಂತಾನೂ ಅಂತಾರೆ. ನಮ್ಮತ್ತೆ ಮಾತು ಬಿಟ್ಟವ್ಳೆ. ನೀವೇ ಹೇಳಿ, ಏಣಿ ಹದಿನೈದಡಿ. ಎಸ್ಟೇಟ್ ರೈಟ್ರು ನನ್ನೆದ್ರಿಗೇ ಅಳ್ದ್ರು. ಅವರು ಏಣಿನ ಮಂಡಿಗಿಂತ ಮ್ಯಾಕೆ ಯಾವತ್ತೂ ಎತ್ತೋರಲ್ಲ, ಎತ್ತುದ್ರೆ ವಾಲ್ತದೆ ಅಂತ. ತಂತಿ ಹದಿನೆಂಟರ ಮ್ಯಾಲಿತ್ತು ಅಂದ್ರೆ ಹೆಂಗೆ ತಗುಲ್ತು?"

ನಾನು ಬಾಯಿಗೆ ಬಂದ ಸಮಾಧಾನ ಹೇಳಿ ಕಳಿಸಿದೆ. ಆದರೆ ಆ ಲೆಕ್ಕ ನನ್ನನ್ನು ಬಿಡಲಿಲ್ಲ. ಹದಿನೈದು, ಅದರ ಮೇಲೆ ಮಂಡಿಯಷ್ಟು. ಎಷ್ಟು ಕೂಡಿಸಿದರೂ ಹದಿನೇಳು ದಾಟುವುದಿಲ್ಲ. ಮೂಲೆಯಲ್ಲಿ ನಿಂತಿದ್ದ ಗಳವನ್ನು ನೋಡಿದೆ. ಶೆಡ್ಡಿನಲ್ಲಿ ಟೇಪ್ ಇತ್ತು, ಕೈಗೆ ಸಿಗುವಷ್ಟು ಹತ್ತಿರ. ಅದನ್ನು ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ. ಎರಡು ದಿನ ಬಿಟ್ಟು ಗಳವನ್ನು ಒಂದು ಪಿಕಪ್ ಗಾಡಿಗೆ ಕಟ್ಟಿ ಪಾಳ್ಯಕ್ಕೆ ಹೋದೆ. ರಂಗೇಗೌಡರು ತೀರಿಕೊಂಡು ವರ್ಷಗಳಾಗಿದ್ದವು. ಚಪ್ಪಡಿ ಹಾಗೇ ಇತ್ತು, ಗೆರೆಗಳಲ್ಲಿ ಪಾಚಿ ಕಟ್ಟಿತ್ತು. ಕೆರೆದು, ಗಳವನ್ನು ಒಂದು ಗೆರೆಗೆ ತಾಗಿಸಿ ಮಲಗಿಸಿದೆ. ಇನ್ನೊಂದು ತುದಿ ಆ ಕಡೆಯ ಗೆರೆಯನ್ನು ಮುಟ್ಟಲಿಲ್ಲ. ನಡುವೆ ಉಳಿದ ಜಾಗದಲ್ಲಿ ನನ್ನ ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ, ಅದರ ಮೇಲೂ ಒಂದು ಗೇಣು ಹಿಡಿಯಿತು. ಎರಡು ಅಡಿಗೂ ಹೆಚ್ಚು. ಆ ಗೆರೆಗಳು ಹದಿನೆಂಟಡಿಯ ಅಳತೆ, ರಂಗೇಗೌಡರು ಮಾಡುತ್ತಿದ್ದದ್ದು ಪೂಜೆ ಅಲ್ಲ ಎಂದು ಅವತ್ತು ಗೊತ್ತಾಯಿತು. ಕುಂಕುಮವನ್ನು ನಾನು ಉಳಿಸಿಕೊಂಡಿದ್ದೆ, ಅಳತೆಯನ್ನು ಬಿಟ್ಟುಬಿಟ್ಟಿದ್ದೆ.

ತಂತಿ ವರ್ಷಕ್ಕೆರಡು ಬೆರಳು ಇಳಿಯುತ್ತಿತ್ತು, ನಾನು ಗಳವನ್ನು ವರ್ಷಕ್ಕೆರಡು ಬೆರಳು ಕತ್ತರಿಸುತ್ತಿದ್ದೆ. ಅದಕ್ಕೇ ಯಾವಾಗಲೂ ಅದೇ ಒಂದು ಗೇಣು.

ಇದನ್ನು ಗೊತ್ತು ಮಾಡಿಕೊಂಡ ಮೇಲೂ ನಾನು ಮೂರು ವಾರ ಸುಮ್ಮನಿದ್ದೆ. ಯುವಕರು ಇದನ್ನೂ ತಿಳಿಯಬೇಕು. ಹೆದರಿದೆ, ಅಷ್ಟೆ. ಕೊನೆಗೆ ಜೆ.ಇ. ಸಾಹೇಬರಿಗೆ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದು ಕೂತರು.

"ಶಿವಣ್ಣ, ನೀನಾಗೇ ಬಾಯಿ ಬಿಟ್ರೆ ಎಲ್ಲಾ ನಿನ್ನ ಕುತ್ತಿಗೆಗೇ ಬರುತ್ತೆ. ಸತ್ತವನು ಎದ್ದು ಬಂದು ವರದಿ ಓದ್ತಾನಾ? ಆ ಗಳ ಒಲೆಗೆ ಹಾಕಿ ಸುಮ್ನಿರು."

ಅವರು ಕೆಟ್ಟವರಲ್ಲ. ನನ್ನ ಮೇಲಿನ ಕನಿಕರದಿಂದಲೇ ಹೇಳಿದರು. ಆ ಕ್ಷಣಕ್ಕೆ ನನಗೂ ಅದೇ ಸರಿ ಅನ್ನಿಸಿತ್ತು. ಆದರೆ ಮನೆಗೆ ಹೋಗುವ ದಾರಿ ಆ ಎಸ್ಟೇಟಿನ ಲೈನ್ ಮನೆಗಳ ಮುಂದೆಯೇ. ಜಯಮ್ಮ ಬಾಗಿಲಲ್ಲಿ ಮೆಣಸು ಬಿಡಿಸುತ್ತಾ ಕೂತಿದ್ದಳು. ಬೈಕ್ ನಿಲ್ಲಿಸಿ, ನಿಂತೇ, ಎಲ್ಲವನ್ನೂ ಹೇಳಿಬಿಟ್ಟೆ. ಬುಡ ಕೊಳೆತದ್ದು, ಕತ್ತರಿಸಿದ್ದು, ಪಾಳ್ಯದ ಕಲ್ಲು. ಈರಯ್ಯನದು ತಪ್ಪಿಲ್ಲ ಎಂದೆ. ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಣಸಿನ ಮೊರ ಕೆಳಗಿಟ್ಟಳು.

"ವರ್ಸಾ ವರ್ಸಾ ನೀವು ತಂತಿ ಅಳ್ದ್ರಿ," ಅಂದಳು. "ಗಳನ್ನ ಯಾರೂ ಅಳೀಲಿಲ್ವಾ?"

ಮಾರನೆಯ ದಿನ ಗಳವನ್ನು ಕಟ್ಟಿಸಿಕೊಂಡು ಹಾಸನಕ್ಕೆ ಹೋಗಿ ಹೊಸ ಹೇಳಿಕೆ ಕೊಟ್ಟೆ. ಆರು ತಿಂಗಳು ಅಮಾನತಿನಲ್ಲಿದ್ದೆ. ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಹೊಗಳಿದ್ದವರು ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತಿದ್ದರು. ಬಹಳ ದಿನಗಳ ಮೇಲೆ ತಿದ್ದಿದ ವರದಿ ಬಂತು. ಅದರ ಪ್ರತಿ ಹಿಡಿದು ಜಯಮ್ಮನ ಮನೆಗೆ ಹೋದೆ. ಅವಳ ಅತ್ತೆಯನ್ನೂ, ಅಕ್ಕಪಕ್ಕದ ಮನೆಯವರನ್ನೂ ಕರೆದು ಕೂರಿಸಿದಳು. ಮೃತನ ತಪ್ಪಿಲ್ಲ ಎಂಬ ಸಾಲನ್ನು ನನ್ನಿಂದ ಮೂರು ಸಲ ಓದಿಸಿದಳು. ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೋಗಿ ಬನ್ನಿ ಎಂದಳು. ಕಾಫಿ ಕೊಡಲಿಲ್ಲ.

ನಾನು ನಿವೃತ್ತನಾಗಿ ವರ್ಷಗಳಾದವು. ಈಗ ನನ್ನ ಹಳೆಯ ಲೈನ್ ನೋಡಿಕೊಳ್ಳುವ ಲೈನ್‌ಮ್ಯಾನ್ ಮೊನ್ನೆ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, ನಗುನಗುತ್ತಾ ಒಂದು ಸುದ್ದಿ ಹೇಳಿದ.

"ಆ ಎಸ್ಟೇಟ್ ಲೈನಲ್ಲಿ ಜಯಮ್ಮ ಅಂತ ಒಬ್ಬ ಅಜ್ಜಿ ಅದಾಳೆ ಸಾರ್. ನಾವು ತಂತಿ ಅಳ್ಯಕ್ಕೆ ಹೋದ್ರೆ ಮೊದ್ಲು ಟೇಪ್ ಈಸ್ಕೊಂತಾಳೆ. ಬಿಚ್ಚಿ, ತುದಿ ಮುರ್ದೈತಾ, ಮೊದಲ್ನೇ ಇಂಚು ಐತಾ ಅಂತ ಬೆರಳಿಟ್ಟು ನೋಡ್ತಾಳೆ. ನೋಡೋವರ್ಗೂ ನಮ್ಮನ್ನ ಒಳಕ್ಕೆ ಬುಡಲ್ಲ. ಓದಕ್ಕೆ ಬರಲ್ಲ ಕಣ್ರೀ ಅವಳಿಗೆ, ಏನ್ ನೋಡ್ತಾಳೋ."

ಅವನು ಇನ್ನೂ ನಗುತ್ತಿದ್ದ. ನಿನ್ನ ಟೇಪ್ ಕೊಡು ಎಂದು ಕೈ ಚಾಚಿದೆ. ಬ್ಯಾಗಿನಿಂದ ತೆಗೆದುಕೊಟ್ಟ. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಅದನ್ನು ಬಿಚ್ಚಿ, ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಮೊದಲನೇ ಇಂಚು ಇತ್ತು.